ಲಕೋಟೆಯಲ್ಲಿ ಏನೂ ಇಲ್ಲ

ಮಾರ್ಚ್ 3
ಐದನೇ ಕೇಬಲ್ಲಿಗೂ ತುಕ್ಕು. ಉಜ್ಜಿದೆ. ಆಂಟೆನಾ ಮೇಲೆ ಮತ್ತೆ ಪಾರಿವಾಳ. ಓಡಿಸಿದೆ. ಮಧ್ಯಾಹ್ನ ಚೀಟಿ ಎತ್ತಿದರು. ನಮ್ಮ ತಂಡದ ಹಳೇ ಕಟ್ಟಳೆ — ಚೀಟಿ ಬಂದವರು ಆಂಟೆನಾ ಹಿಡಿದ ಡೇಟಾದೊಳಗೆ ಗುಟ್ಟಾಗಿ ಒಂದು ಸುಳ್ಳು ಸಿಗ್ನಲ್ ಸೇರಿಸಬಹುದು, ಸೇರಿಸದೆಯೂ ಇರಬಹುದು. ಏನು ಮಾಡಿದೆವೆಂದು ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಉಳಿದವರು ಹುಡುಕಿ ಮುಗಿಸಿ, ಸಹಿ ಹಾಕಿದ ಮೇಲೆಯೇ ಒಡೆಯುವುದು. ಆಸೆಗೆ ಬಿದ್ದು ಇಲ್ಲದ್ದನ್ನು ಕಾಣಬಾರದಲ್ಲ, ಅದಕ್ಕೆ.
ಈ ಸಲ ಚೀಟಿ ನನಗೇ.

ಮಾರ್ಚ್ 4
ಏನೂ ಸೇರಿಸಲಿಲ್ಲ. ಸೋಮಾರಿತನ ಅಂದರೂ ಸರಿ. 'ಏನೂ ಇಲ್ಲ' ಎಂದು ಬರೆದು ಅಂಟಿಸಿ ತಂಡದ ಮುಖ್ಯಸ್ಥೆ ಮೇಡಂ ಕೈಗೆ ಕೊಟ್ಟೆ, ಬೀರುವಿನಲ್ಲಿಟ್ಟರು.
ಬೆಳಿಗ್ಗೆ ಅಪ್ಪ ಪ್ರಾರ್ಥನೆ ಮುಗಿಸಿ ಎದ್ದವನೇ ಎಂದಿನಂತೆ ಕಾಲೆಳೆದ. "ನಿನ್ನ ಮೊದಲನೇ ನಕ್ಷತ್ರ ಇವತ್ತಾದ್ರೂ ಸಿಗುತ್ತೇನಮ್ಮ?"

ಮೇ 19, ಬೆಳಿಗ್ಗೆ 11
ಸಿಕ್ಕಿತು!! ಗೂಬೆಯ ಸ್ಕ್ರೀನಿನಲ್ಲಿ ಗೆರೆ ಒಂದು ಕಡೆ ತಗ್ಗಿದೆ. (ಲೆಕ್ಕ ಮಾಡುವವನು. ಕನ್ನಡಕದಿಂದಾಗಿ ಗೂಬೆ.) ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗಿನ ಗುರುತು ಹೀಗೇ ಇರಬೇಕು, ಇಷ್ಟೇ ಅಗಲ! ಎಲ್ಲರೂ ನನ್ನ ಮುಖ ನೋಡಿ ನಕ್ಕರು. "ಭಾರಿ ಚೆನ್ನಾಗಿ ಸೇರ್ಸಿದೀರ ಅಕ್ಕ! ನಾವು ಬೇಸ್ತು ಬೀಳಲ್ಲ" ಅಂದ ಗೂಬೆ. ನಾನೂ ನಕ್ಕೆ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಕುಣಿದೆ. ನಾನು ಸೇರಿಸಿದ್ದಲ್ಲವೆಂದು ಇಡೀ ಭೂಮಿಯಲ್ಲಿ ನನ್ನೊಬ್ಬಳಿಗೇ ಗೊತ್ತು... ಯಾರಿಗೂ ಹೇಳುವ ಹಾಗಿಲ್ಲ. ಹೊಟ್ಟೆ ಒಡೆದುಹೋಗುತ್ತಿದೆ, ಅದಕ್ಕೇ ಇಲ್ಲಿ ಬರೆದೆ.

ಮೇ 20
ಆದರೆ ಆಕಾಶದ್ದೇ ಎಂದು ಯಾರು ಹೇಳಿದರು? ಆಂಟೆನಾ ಕೆಳಗಿನ ಲೋಹದ ಹಾಸಿನ ಚೇಷ್ಟೆಯೂ ಆಗಿರಬಹುದು. ಹಾಸು ಜೋಡಿಸಿದವಳು ನಾನೇ. ಆಂಟೆನಾವನ್ನು ಅಡ್ಡ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಆಕಾಶದ್ದಾದರೆ ಉಳಿಯುತ್ತದೆ, ಹಾಸಿನದ್ದಾದರೆ ಮಾಯ. ಆದರೆ ತಿರುಗಿಸೋಣ ಎಂದು ನಾನು ಬಾಯಿ ಬಿಟ್ಟರೆ ಗುಟ್ಟು ಬಯಲು — ತಾನೇ ಸೇರಿಸಿದ್ದನ್ನು ಯಾರಾದರೂ ಪರೀಕ್ಷೆ ಮಾಡುತ್ತಾರಾ?
ಅದೊಂದು ನೆಪ. ನಿಜವಾದ ಭಯ ಬೇರೆ. ಹನ್ನೊಂದು ವರ್ಷದ ಕೆಲಸ, ತಿರುಗಿಸಿದ ಮೇಲೆ ಮಾಯವಾದರೆ? ಸುಮ್ಮನಿರೋಣ ಅನ್ನಿಸುತ್ತದೆ. ನಾಚಿಕೆಯಾಗುತ್ತದೆ.

ಮೇ 21
ಬೆಳಿಗ್ಗೆ ಅಪ್ಪನನ್ನು ಕೇಳಿದೆ, "ನೀನು ನಂಬಿರೋದು ಸುಳ್ಳಾಗಿಬಿಟ್ರೆ ಅಂತ ಭಯ ಆಗಲ್ವಾ?"
ಟೀ ಲೋಟ ಕೆಳಗಿಟ್ಟ. "ದಿನಾ ಆಗುತ್ತೆ. ಅದಕ್ಕೇ ದಿನಾ ಪ್ರಾರ್ಥನೆಗೆ ಕೂತ್ಕೋತೀನಿ. ಒಂದೇ ಸಲ ನಂಬಿ ಮುಗಿಸೋ ಹಾಗಿದ್ರೆ ಇಷ್ಟು ಬೇಗ ಯಾಕೆ ಏಳ್ತಿದ್ದೆ?"
ಗಟ್ಟಿಯಾಗಿ ತಬ್ಬಿಕೊಂಡೆ. "ಏನಾಯ್ತೇ ನಿಂಗೆ?" ಗಾಬರಿಯಾದ.
ಹತ್ತು ಗಂಟೆಯ ಮೀಟಿಂಗಿನಲ್ಲಿ ಹೇಳಿಯೇಬಿಟ್ಟೆ. "ಆಂಟೆನಾ ತಿರುಗಿಸೋಣ." ಗೂಬೆ ತೆರೆದ ಬಾಯಿ ಮುಚ್ಚಲಿಲ್ಲ. ಮೇಡಂ ನನ್ನನ್ನೇ ನೋಡುತ್ತ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. "ಕಟ್ಟಳೆ ಮುರಿದ್ರಿ. ಇರ್ಲಿ, ತಿರುಗ್ಸಿ."

ಜುಲೈ 2, ಸಂಜೆ 5
ತಿರುಗಿಸಿ ಆರು ವಾರ ನೋಡಿದ ಮೇಲೂ ಅಲ್ಲೇ ಇದೆ! ಅದೇ ತಗ್ಗು, ಅದೇ ಅಗಲ!! ಸಹಿ ಆಯಿತು. ಲಕೋಟೆ ಒಡೆದರು. ಎಲ್ಲರಿಗೂ ಮೊದಲೇ ಗೊತ್ತಿತ್ತು, ಆದರೂ 'ಏನೂ ಇಲ್ಲ' ಎಂದು ಓದಿ ಗೂಬೆ ಅತ್ತುಬಿಟ್ಟ. ಮೇಡಂ ಕುರ್ಚಿ ಹುಡುಕಿ ಕುಳಿತರು.

5.40
ಮನೆ. ಅಪ್ಪನಿಗೆ ಎಲ್ಲ ಹೇಳಿದೆ, ಒಂದೇ ಉಸಿರಿನಲ್ಲಿ.
"ನೀನು ಸೇರ್ಸಿದ್ದಲ್ಲ?"
"ಅಲ್ಲಪ್ಪಾ!"
"ಮತ್ತೆ ಯಾರು?"
ಈ ಸಲ ಕಾಲೆಳೆಯುತ್ತಿರಲಿಲ್ಲ. ನಕ್ಷತ್ರಗಳ ಬೆಳಕು, ಜಲಜನಕ ಎಂದೆ. ಅದಕ್ಕೂ ಮುಂಚೆ? ಬರೀ ಬಿಸಿ, ಎಲ್ಲವೂ ಒತ್ತೊತ್ತಾಗಿ. ಅದಕ್ಕೂ?
"ಗೊತ್ತಿಲ್ಲ" ಎಂದೆ.
"ನಂಗೂ ಗೊತ್ತಿಲ್ಲ ಮಗಳೇ" ಅಂದ ಅಪ್ಪ.
ಅವನ ಬಾಯಲ್ಲಿ ಈ ಮಾತು ನಾನು ಕೇಳಿದ್ದೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಆಂಟೆನಾ ನೋಡಲು ಬಂದವನಲ್ಲ. ಈಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. "ಬೇಗ ಬಾರೇ, ಕತ್ತಲಾಗೋದ್ರೊಳಗೆ ತೋರ್ಸು" — ಬಂದೆನಪ್ಪಾ, ಈ ಒಂದು ಸಾಲು ಬರೆದು—