ಕೊನೆಯ ಪುಟದ ಮೂಲೆಯಲ್ಲಿ ಅಮ್ಮ

ಅಪ್ಪನಿಗೆ,

ನೀವು ಪೆನ್ಸಿಲಿನಲ್ಲಿ ಚಿತ್ರ ಬರೆದು ಕಳಿಸಿದ ಕೊನೆಯ ಪುಟ ಮಡಿಕೆ ಬೀಳದೆ ಬಂತು. ಶಾಯಿ ತುಂಬಿ ಮುಗಿಸಿದೆ. ಎರಡು ಕಾಮಿಕ್ಸ್ ಕಂಪನಿಗಳ ವೀರರೆಲ್ಲ ಒಂದಾಗಿ ಲೋಕ ಉಳಿಸಿದ ಹಳೇ ಕಥೆಗೆ ಹೀಗೊಂದು ಕರಾಳ ಕೊನೆ ಕೊಡುವುದರಲ್ಲೂ ಖುಷಿಯಿದೆ ಅನ್ನಿ. ಸಿಡಿಲಣ್ಣ ಸತ್ತು ಬಿದ್ದಿರುವ ಭಂಗಿ ಬಹಳ ಚೆನ್ನಾಗಿದೆ. "ಒಂದು ನರಪಿಳ್ಳೆನೂ ಉಳೀಬಾರದು" ಅಂತ ಸಂಪಾದಕರು ಇವತ್ತೂ ಫೋನ್ ಮಾಡಿದ್ದರು.

ಸತ್ತವರನ್ನು ಕಪ್ಪು ನೆರಳು ಮಾಡಬೇಕೆಂದು ಅವರವರ ಮೇಲೆ ಎಂದಿನಂತೆ ಇಂಟು ಗುರುತು ಹಾಕಿದ್ದೀರಿ, ಸರಿ. ಆದರೆ ಮೂಲೆಯ ಗುಂಪಿನಲ್ಲಿ ಚೀಲ ಹಿಡಿದು ಓಡುವ ಅಮ್ಮನ ಮೇಲೂ ಹಾಕೋದಾ? ನೀವು ಬರೆದ ಯಾವ ಗುಂಪೂ ಅಮ್ಮನಿಲ್ಲದೆ ಇಲ್ಲ. ಎಂಥ ರಾಕ್ಷಸ ಬಂದಾಗಲೂ ಅವಳ ಕೂದಲು ಕೊಂಕಿದ್ದಿಲ್ಲ. ಮತ್ತೆ ಜಗಳವಾ? ಕೇಳಿದರೆ ಅಮ್ಮ, "ನಿಮ್ಮಪ್ಪನ್ನೇ ಕೇಳು, ಮೊನ್ನೆಯಿಂದ ಮುಖ ಊದಿಸ್ಕೊಂಡು ಕೂತಿದಾರೆ" ಅಂದಳು.

ನಾನಂತೂ ಅವಳಿಗೆ ಕಪ್ಪು ಬಳಿದಿಲ್ಲ. ಸಂಪಾದಕರು ಕೇಳಿದರೆ ಕಣ್ತಪ್ಪಿತು ಅನ್ನುತ್ತೇನೆ. ನೀವು ಮೊದಲು ಎದ್ದು ಹೋಗಿ ಅವಳನ್ನು ಮಾತಾಡಿಸಿ. ಈ ಕಡೆ ಬರುವಾಗ ಇಬ್ಬರೂ ಬನ್ನಿ, ನನ್ನ ಸಣ್ಣ ಬ್ರಷ್ ಅಲ್ಲೇ ಉಳಿದಿದೆ, ತನ್ನಿ.

ಇನ್ನೊಂದು ಮಾತು. ವೀರರ ಮೇಲಿನ ಗುರುತುಗಳನ್ನು ಎಷ್ಟು ಒತ್ತಿದ್ದಿರಿ ಅಂದರೆ, ಮತ್ತೆ ಮತ್ತೆ ಶಾಯಿ ಬಳಿದರೂ ಕಾಗದದ ಗೀರು ಅಡಗಲಿಲ್ಲ. ಅಮ್ಮನ ಮೇಲಿನದು ರಬ್ಬರ್ ತಾಗಿಸಿದ ಕೂಡಲೇ ಹೋಯಿತು.

ನಿಮ್ಮ
ಮಸಿಮೂತಿ