ಸುಬ್ಬನ ಬಲಗೈ

ಜನವರಿ ೨೦, ಮಂಗಳವಾರ. ಮೂರ್ನಾಡು.

ಬೆಳಗಿನ ನನ್ನ ನಗು ಇನ್ನೂ ಚುಚ್ಚುತ್ತಿದೆ. ನಮ್ಮ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ ಸುಬ್ಬನ ಬಲಗೈಯಿಂದ ಹಣ್ಣು ಉದುರಿತು, ಮಾತು ತೊದಲಿತು. ‘ರಾತ್ರಿದು ಇನ್ನೂ ಇಳಿದಿಲ್ಲ’ ಎಂದು ತೋಟದ ಲೆಕ್ಕ ಬರೆಯುವ ರೈಟರ್ ನಂದೀಶ್ ಗೇಲಿ ಮಾಡಿದಾಗ ನಾನೂ ನಕ್ಕೆ. ಹತ್ತು ನಿಮಿಷಕ್ಕೆ ಸುಬ್ಬ ಸರಿಹೋಗಿ ಮತ್ತೆ ಗಿಡಕ್ಕೆ ಕೈ ಹಾಕಿದ.

ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಹೆಂಗಸು ಮಾರಿ ಬಿಡಲಿಲ್ಲ. ‘ಕುಡಿದವನಿಗೆ ಎರಡೂ ಕೈ ನಡುಗ್ತವೆ ಸಾರ್. ಇವನಿಗೆ ಬಿದ್ದಿದ್ದು ಒಂದೇ ಕೈ. ಜೀಪ್ ತೆಗೀರಿ.’

ಜೀಪಿನಲ್ಲಿ ಅವಳೂ ಜೊತೆಗೆ ಬಂದಳು. ವಿರಾಜಪೇಟೆಯ ಆಸ್ಪತ್ರೆಯ ಡಾಕ್ಟರು ಅವಳನ್ನೇ ಹೊಗಳಿದರು. ಮೆದುಳಿಗೆ ರಕ್ತ ಹರಿಯುವುದು ಸ್ವಲ್ಪ ಹೊತ್ತು ನಿಂತಿತ್ತಂತೆ. ತಾನಾಗಿ ಸರಿಹೋದರೂ ಅದು ಎಚ್ಚರಿಕೆ, ಒಂದೆರಡು ದಿನದಲ್ಲೇ ದೊಡ್ಡ ಪಾರ್ಶ್ವವಾಯು ಹೊಡೆಯಬಹುದು. ಬಿಪಿ ಇನ್ನೂರು ದಾಟಿತ್ತು. ಅಡ್ಮಿಟ್ ಮಾಡಿಕೊಂಡರು.

ತೊಂಬತ್ತೆಂಟನೇ ಇಸವಿಯಲ್ಲಿ ನಮ್ಮಣ್ಣನಿಗೂ ಹೀಗೇ ಹತ್ತು ನಿಮಿಷ ಕೈ ಸೋತು ಸರಿಹೋಗಿತ್ತು. ಪಿತ್ತವೆಂದು ನಿಂಬೆ ಪಾನಕ ಕೊಟ್ಟು ಮಲಗಿಸಿದೆವು. ಮೂರನೆಯ ದಿನ ಅವನಿಲ್ಲ. ಆಮೇಲೆ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅಷ್ಟು ಓದಿದವನು ಇವತ್ತು, ಕೂಲಿಯವನು, ಕುಡಿದಿರಬೇಕೆಂದು ನಕ್ಕೆ. ಅಕ್ಷರ ಬಾರದ ಮಾರಿ ಅವನ ಕೈ ನೋಡಿದಳು.

ವಾಪಸು ಬರುವಾಗ ಅವಳೇ, ‘ನೀವೂ ಬಿಪಿ ನೋಡಿಸ್ಕೊಳ್ಳಿ ಸಾರ್, ಸಿಟ್ಟು ಜಾಸ್ತಿ ನಿಮಗೆ’ ಎಂದಳು. ನಾಳೆ ಸುಬ್ಬನನ್ನು ನೋಡಲು ಹೋದಾಗ ಅದೂ ಆಗಲಿ. ಆದರೆ ಅವನ ಬಲಗೈ ಹಿಡಿದುಕೊಂಡು ಏನೆಂದು ಹೇಳಲಿ?