ಮಧ್ಯಾಹ್ನದ ಕೇಕ್

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಅತ್ತೆಯ ಬೆರಳು ಚುಚ್ಚಿದೆ. ಶುಗರ್ ಇನ್ನೂರ ಎಂಬತ್ತು, ಅದೂ ಖಾಲಿ ಹೊಟ್ಟೆಯಲ್ಲಿ. ಮೀಟರ್ ಕೆಟ್ಟಿರಬೇಕೆಂದುಕೊಂಡೆ. ರಕ್ತ ತೆಗೆದು ನನ್ನ ಕೆಲಸದ ಲ್ಯಾಬ್‌ಗೆ ಒಯ್ದು ನಾನೇ ನೋಡಿದೆ. ಅಷ್ಟೇ ಬಂತು. ಊರವರ ರಕ್ತವೆಲ್ಲ ನನ್ನ ಕೈಯಲ್ಲಿ, ಮನೆಯದು ಮಾತ್ರ ಹಿಡಿತಕ್ಕೆ ಸಿಗುತ್ತಿಲ್ಲ.

ಮನೆಯಲ್ಲಿ ಒಂದು ಹರಳು ಸಕ್ಕರೆ ಇಲ್ಲ. ಬೇಯಿಸಿದ ಸೊಪ್ಪು, ಓಟ್ಸ್, ಮೊಟ್ಟೆಯ ಬಿಳಿ ಭಾಗ.

"ಹಸಿರು ತಿಂದು ತಿಂದು ಸಾಕಾಯ್ತು ಕಣೇ. ಇನ್ನು ಮೆಲುಕು ಹಾಕೋದೊಂದೇ ಬಾಕಿ" ಅಂದರು ಅತ್ತೆ.

ನಗು ಬಂತು, ನಗಲಿಲ್ಲ. ಕಾಲ್ಬೆರಳಿನ ಹುಣ್ಣು ಮಾಯುತ್ತಿಲ್ಲ. ಹೀಗೇ ಇದ್ದರೆ ಬೆರಳನ್ನೇ ತೆಗೆಯಬೇಕಾಗುತ್ತದೆ ಅಂದಿದ್ದಾರೆ ಡಾಕ್ಟರು.

ಮಾರ್ಚ್ 6, ಗುರುವಾರ

ಇನ್ನೂ ಏರಿದೆ. ದಿಂಬಿನಡಿ, ಬೀರು, ಔಷಧಿ ಡಬ್ಬಿ ಎಲ್ಲಾ ತಡಕಾಡಿದೆ. ಏನೂ ಇಲ್ಲ. ಕೊನೆಗೆ ಕೇಳಿಯೇಬಿಟ್ಟೆ, ಸಿಹಿ ಯಾರು ತಂದುಕೊಡುತ್ತಾರೆ?

"ಇದೊಳ್ಳೆ ಕಥೆ! ಮಧ್ಯಾಹ್ನ ಬಂದು ಕೇಕ್ ಮಾಡಿ ತಿನ್ನಿಸೋಳು ನೀನೇ ಅಲ್ವೇನೇ?"

ಮಧ್ಯಾಹ್ನ ನಾನು ಲ್ಯಾಬ್‌ನಲ್ಲಿರುತ್ತೇನೆ. ಊಟಕ್ಕೂ ಹೊರಗೆ ಹೋಗುವುದಿಲ್ಲ.

ಇವರಿಗೆ ಹೇಳಿದೆ. "ಅಮ್ಮನಿಗೆ ಅರಳುಮರಳು, ಬಿಡು" ಅಂದು ಟಿವಿ ಸೌಂಡ್ ಜಾಸ್ತಿ ಮಾಡಿದರು.

ಮಾರ್ಚ್ 11, ಮಂಗಳವಾರ

ಸಂಜೆ ಮೆಟ್ಟಿಲ ಬಳಿ ಕೆಳಮನೆಯ ಟೈಲರಮ್ಮ ತಡೆದು ನಿಲ್ಲಿಸಿದರು.

"ಮಧ್ಯಾಹ್ನ ನಿಮ್ಮನೆ ಬೆಣ್ಣೆ ಘಮಕ್ಕೆ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ ನೋಡಿ. ನಿನ್ನೆ ಎರಡ್ಸಲ ಕೂಗಿದೆ. ಸುಮ್ನೆ ನಕ್ಕು ಮೇಲೆ ಹೋದ್ರಲ್ಲ?"

ಹೂಂ ಅಂದೆ. ಮೇಲೆ ಬಂದವಳೇ ಓವನ್ ಮುಟ್ಟಿ ನೋಡಿದೆ.

ಬೆಚ್ಚಗಿತ್ತು.

ಮಾರ್ಚ್ 13, ಗುರುವಾರ

ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಬಂದೆ. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ತುಟಿಯ ಮೇಲೆ ಕೇಕಿನ ಪುಡಿ. ತಲೆ ಬಾಚಿ ನೀಟಾಗಿ ಜಡೆ ಹಾಕಿತ್ತು. ಅವರ ಕೈ ಅಷ್ಟು ಮೇಲೆ ಏಳುವುದಿಲ್ಲ.

"ಏನು ಮರೆತುಹೋದ್ಯೇ? ಈಗಷ್ಟೇ ಹೊರಟ್ಯಲ್ಲ!"

ತಟ್ಟೆಯಲ್ಲಿ ಒಂದು ತುಂಡು ಉಳಿದಿತ್ತು. ಬಿಸಿ ಬಿಸಿ. ತಿಂದೆ. ಕಿತ್ತಳೆ ಸಿಪ್ಪೆ ತುರಿದು ಹಾಕಿದ್ದು, ಅಂಚು ಸ್ವಲ್ಪ ಸೀದಿದ್ದು... ಮದುವೆಯಾದ ಹೊಸದರಲ್ಲಿ ನಾನು ಮಾಡುತ್ತಿದ್ದ ಕೇಕ್. ಅತ್ತೆಗೆ ಶುಗರ್ ಬಂದ ಮೇಲೆ ನಿಲ್ಲಿಸಿದ್ದು. ಅದೇ ಕೈ, ಅದೇ ರುಚಿ.

ತಟ್ಟೆ ಕೆಳಗಿಟ್ಟೆ. ಕೇಳಿದೆ. "ಅತ್ತೆ, ನಾನು ಮಧ್ಯಾಹ್ನ ಬಂದು ಏನೇನು ಮಾಡ್ತೀನಿ?"

"ಕೂತ್ಕೋತೀಯ. ಮಾತಾಡ್ತೀಯ." ನನ್ನ ಮುಖವನ್ನೇ ನೋಡಿದರು. "ಬೆಳಿಗ್ಗೆ ಬೆರಳು ಚುಚ್ತೀಯ. ಮಧ್ಯಾಹ್ನ ಕೈ ಹಿಡ್ಕೋತೀಯ."

ಮಾರ್ಚ್ 16, ಭಾನುವಾರ

ಬೀಗ ಬದಲಾಯಿಸುವುದೋ? ಯಾರ ವಿರುದ್ಧ?

ಬೇರೆ ದಾರಿ ಹಿಡಿದೆ. ನಾನೇ ಕೇಕ್ ಮಾಡಿದೆ. ಸಕ್ಕರೆ ಕಾಲು ಭಾಗ, ಮೈದಾ ಬದಲು ಓಟ್ಸ್ ಪುಡಿ. ವಾರವಿಡೀ ಸೊಪ್ಪು, ಭಾನುವಾರ ತೆಳ್ಳನೆಯ ಒಂದು ತುಂಡು. ಇದು ಒಪ್ಪಂದ. ಪಕ್ಕದಲ್ಲಿ ಕೂತೆ. ಅತ್ತೆ ತಾವು ಚಿಕ್ಕವರಿದ್ದಾಗ ಬೆಣ್ಣೆ ಕದ್ದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ ಕಥೆ ಹೇಳಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಷ್ಟು ವರ್ಷದಲ್ಲಿ ಮೊದಲ ಸಲವೇನೋ.

ಏಪ್ರಿಲ್ 9, ಬುಧವಾರ

ಬರೆಯುವಂಥದ್ದೇನೂ ಇರಲಿಲ್ಲ, ಅದೇ ಸುಖ. ಶುಗರ್ ಇಳಿದಿದೆ. ಹುಣ್ಣು ಒಣಗುತ್ತಿದೆ. ಟೈಲರಮ್ಮನಿಗೂ ಮಧ್ಯಾಹ್ನ ಘಮ ಬರುತ್ತಿಲ್ಲವಂತೆ.

ಓವನ್ ತಣ್ಣಗಿದೆ. ದಿನಾ ಮುಟ್ಟಿ ನೋಡುತ್ತೇನೆ.

ಏಪ್ರಿಲ್ 13, ಭಾನುವಾರ

ಕೇಕ್ ಕತ್ತರಿಸುತ್ತಿದ್ದೆ. ಅತ್ತೆ ಮೆಲ್ಲಗೆ ಅಂದರು: "ಅವಳಿಗೂ ಒಂದು ತುಂಡು ಎತ್ತಿಡೇ."

"ಯಾರಿಗೆ ಅತ್ತೆ?"

"ಮಧ್ಯಾಹ್ನ ಬಂದು ಬಾಗಿಲಾಚೆ ನಿಂತಿರ್ತಾಳೆ. ಒಳಗೆ ಬಾ ಅಂದ್ರೆ, ಬೇಡ, ಈಗ ಬೆಳಗಿನವಳೇ ಕೇಕ್ ಮಾಡ್ತಾಳಲ್ಲ ಅಂತಾಳೆ. ಹಸ್ಕೊಂಡಿದಾಳೆ ಕಣೇ, ಪಾಪ."

ಚಾಕು ಕೈಯಲ್ಲೇ ಉಳಿಯಿತು. ಆಮೇಲೆ ಸಿಟ್ಟು ಬಂತು. ನನ್ನ ಮನೆ, ನನ್ನ ಅತ್ತೆ. ತುಂಡು ಎತ್ತಿಡಲಿಲ್ಲ. ಉಳಿದದ್ದೆಲ್ಲ ನಾನೇ ತಿಂದೆ, ಹೊಟ್ಟೆ ಬಿರಿಯುವಷ್ಟು.

ಏಪ್ರಿಲ್ 17, ಗುರುವಾರ, ಸಂಜೆ

ಮೆಟ್ಟಿಲ ಮೇಲೆ ಕೂತಿದ್ದೇನೆ. ಡೈರಿ ಬ್ಯಾಗಿನಲ್ಲಿತ್ತು. ಬರೆದರೆ ತಲೆ ನೆಟ್ಟಗಾಗಬಹುದು.

ಬಂದಾಗ ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಯಲ್ಲಿ ಇಣುಕಿದೆ. ಮೇಜಿನ ಮೇಲೆ ಸೊಪ್ಪಿನ ಬೋಗುಣಿ, ಪಕ್ಕದಲ್ಲಿ ಕೇಕ್. ಅತ್ತೆ, ಇವರು... ನನಗೆ ಬೆನ್ನು ಮಾಡಿ ಕೂತು ಬಡಿಸುತ್ತಿರುವವಳು ಒಬ್ಬಳು. ನನ್ನ ನೀಲಿ ಕಾಟನ್ ಕುರ್ತಾ.

ಬೆಲ್ ಒತ್ತಿದೆ. ಇವರೇ ಬಾಗಿಲು ತೆರೆದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಮರ್ಯಾದೆಯಿಂದ, "ಯಾರು ಬೇಕಿತ್ತು?" ಅಂದರು.

ಚಪ್ಪಲಿ ಬಿಡಲು ಬಗ್ಗಿದೆ.

"ನೀವು ಊಟ ಮಾಡಿ, ನಾನು ನೋಡ್ತೀನಿ" ಅಂತ ಒಳಗಿಂದ ನನ್ನದೇ ಧ್ವನಿ. ಅವಳು ಬಂದಳು. ಮುಖದಲ್ಲಿ ಸಿಟ್ಟಿಲ್ಲ. ಕರುಣೆ ಇತ್ತು, ಅದನ್ನೇ ತಡೆದುಕೊಳ್ಳಲು ಆಗಲಿಲ್ಲ. ಬಾಗಿಲು ಅರ್ಧ ಮುಚ್ಚಿ, ಇವರಿಗೆ ಕೇಳಿಸದ ಹಾಗೆ ಅಂದಳು:

"ಮಧ್ಯಾಹ್ನ ಬಾ. ಆಗ ನಾನು ಲ್ಯಾಬ್‌ನಲ್ಲಿರ್ತೀನಿ."

ಚಿಲಕ ಬಿತ್ತು. ಒಳಗೆ ಅತ್ತೆ ನಗುತ್ತಿದ್ದಾರೆ.

ಅಂಗಡಿ ಇನ್ನೂ ತೆರೆದಿರಬಹುದು. ಬೆಣ್ಣೆ, ಕಿತ್ತಳೆ ಎರಡು, ಸಕ್ಕರೆ ಮಾತ್ರ ಕಡಿಮೆ... ಅತ್ತೆಯ ಕಾಲ್ಬೆರಳು ಇನ್ನೂ ಪೂರ್ತಿ ವಾಸಿಯಾಗಿಲ್ಲ. ನಾಳೆ ಮಧ್ಯಾಹ್ನ ಬರುತ್ತೇನೆ.